ಸದಾಶಿವಗಡದ ಮನೆ, ದೆಹಲಿಯ ಡ್ಯೂಟಿ

(ವಿಮಾನಯಾನ ಕಂಪನಿಯೊಂದರಲ್ಲಿ ಪೈಲಟ್‌ಗಳ ಡ್ಯೂಟಿ ಪಟ್ಟಿ ಹಾಕುವ ವಿಭಾಗದಲ್ಲಿ ದುಡಿದು ನಿವೃತ್ತರಾಗಿ, ಈಗ ಕುಮಟಾದಲ್ಲಿ ನೆಲೆಸಿರುವ ನಮ್ಮ ಅಂಕಣಕಾರ್ತಿ ಈ ಸಂಚಿಕೆಯಲ್ಲಿ ಮೂವರು ಓದುಗರಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕ, ನಾನು ಕಾರವಾರದ ಸದಾಶಿವಗಡದವನು, ವಯಸ್ಸು 33. ಮುಂಬೈಯಲ್ಲಿ ಏರ್‌ಬಸ್ 320 ವಿಮಾನದ ಸಹ ಪೈಲಟ್. ಅಂಧೇರಿಯಲ್ಲಿ ಇನ್ನೂ ಮೂವರು ಪೈಲಟ್‌ಗಳ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದೇನೆ. ರಜೆ ಸಿಕ್ಕಾಗ ಗೋವಾಕ್ಕೆ ವಿಮಾನದಲ್ಲಿ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿದು ಮನೆ ಸೇರುತ್ತೇನೆ. ಹೆಂಡತಿ ಕಾರವಾರದ ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮಗಳು ಯುಕೆಜಿ. ಅಪ್ಪನಿಗೆ ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನದಲ್ಲಿಲ್ಲ, ಅಮ್ಮ ನೋಡಿಕೊಳ್ಳುತ್ತಾರೆ. ಈಗ ಎರಡು ಕಡೆಯಿಂದ ಕೆಲಸದ ಪತ್ರ ಬಂದಿದೆ. ಒಂದು ದೊಡ್ಡ ಕಂಪನಿ, ದೆಹಲಿ ಬೇಸ್ (ಅಂದರೆ ಡ್ಯೂಟಿ ಶುರುವಾಗಿ ಮುಗಿಯುವ ಊರು), ಅಮೆರಿಕ ಯುರೋಪಿಗೆ ಹಾರುವ ದೊಡ್ಡ ವಿಮಾನ, ಒಳ್ಳೆಯ ಸಂಬಳ. ಇನ್ನೊಂದು ಚಿಕ್ಕ ಕಂಪನಿ, ಬೆಂಗಳೂರು ಬೇಸ್, ಎಟಿಆರ್ ಎಂಬ ಚಿಕ್ಕ ವಿಮಾನ. ಸಂಬಳ ಮೂರನೇ ಒಂದು ಪಾಲು ಕಡಿಮೆ, ಆದರೆ ಬೇಗ ಕ್ಯಾಪ್ಟನ್ ಮಾಡುತ್ತೇವೆ ಎನ್ನುತ್ತಾರೆ. ಹೆಚ್ಚಿನ ದಿನ ರಾತ್ರಿ ಬೆಂಗಳೂರಿಗೇ ವಾಪಸ್. ಬೆಂಗಳೂರು ಊರಿಗೆ ಹತ್ತಿರವಲ್ಲವೇ, ಸಂಸಾರಕ್ಕೆ ಅದೇ ಒಳ್ಳೆಯದು ಎಂದು ನನಗನಿಸುತ್ತದೆ. ಅಪ್ಪ ದೊಡ್ಡ ವಿಮಾನ ಬಿಡಬೇಡ ಎನ್ನುತ್ತಾರೆ. ಹೆಂಡತಿ, ಎಲ್ಲಿಗಾದರೂ ಹೋಗಿ, ನಾನು ಮಾತ್ರ ಊರು ಬಿಟ್ಟು ಬರುವುದಿಲ್ಲ ಎಂದಿದ್ದಾಳೆ. ಯಾವುದನ್ನು ಆರಿಸಲಿ?
— ಸದಾಶಿವಗಡದ ಓದುಗ

ಉತ್ತರ: ನಿಮ್ಮ ಪೂರ್ತಿ ಪತ್ರ ಇದಕ್ಕಿಂತ ಬಹಳ ಉದ್ದ ಇತ್ತು, ಸಂಪಾದಕರು ಕತ್ತರಿ ಆಡಿಸಿ ಇಷ್ಟು ಉಳಿಸಿದ್ದಾರೆ. ಕತ್ತರಿಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಆ ದೊಡ್ಡ ವಿಮಾನದ ವರ್ಣನೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ವಿಮಾನದ ಮೇಲೆ ಮೋಹವಿಲ್ಲದವರು ಆ ಕೆಲಸಕ್ಕೆ ಹೋಗಲೇಬಾರದು. ಆದರೆ ಮೂಲ ಪತ್ರದಲ್ಲೂ ಹೆಂಡತಿಯ ಮಾತು ಒಂದೇ ಸಾಲಿನಲ್ಲಿ ಮುಗಿದಿತ್ತು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಅವರು ಬರುವುದಿಲ್ಲ ಎಂದಿದ್ದಾರೆ. ಇವತ್ತು ಹಾಗೆನ್ನುತ್ತಾಳೆ, ನಾಳೆ ಒಪ್ಪಿಸಿದರಾಯಿತು ಎಂಬ ಲೆಕ್ಕ ನಿಮ್ಮ ತಲೆಯಲ್ಲಿ ಇರುವ ಹಾಗಿದೆ. ಆ ಲೆಕ್ಕ ಬಿಡಿ. ಅನುದಾನಿತ ಶಾಲೆಯ ಹುದ್ದೆ ಆ ಆಡಳಿತ ಮಂಡಳಿಗೆ ಅಂಟಿಕೊಂಡದ್ದು. ದೆಹಲಿಗೋ ಬೆಂಗಳೂರಿಗೋ ವರ್ಗ ಮಾಡಿಸಿಕೊಂಡು ಬರಲು ಆಗುವುದಿಲ್ಲ, ಬಿಟ್ಟರೆ ಬಿಟ್ಟಂತೆಯೇ. ನಮ್ಮ ಜಿಲ್ಲೆಯಲ್ಲಿ ಗಣಿತದ ಅಕ್ಕೋರು ಎಂದರೆ ಊರಿಗೇ ಬೇಕಾದವರು. ಅದು ಹಾಗಿರಲಿ, ನಿಮ್ಮ ಸ್ವಾರ್ಥದಿಂದಲೇ ನೋಡಿದರೂ ಆ ಕೆಲಸ ಉಳಿಯಬೇಕು. ಪೈಲಟ್‌ನ ಲೈಸೆನ್ಸ್ ನಿಂತಿರುವುದು ವರ್ಷ ವರ್ಷ ಮಾಡಿಸುವ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆಯ ಮೇಲೆ. ಇಸಿಜಿಯಲ್ಲಿ ಒಂದು ಗೆರೆ ಸೊಟ್ಟಗಾದರೆ, ಸಕ್ಕರೆಯ ಅಂಕಿ ಜಿಗಿದರೆ, ಅಂದಿನಿಂದ ನೆಲದ ಮೇಲೆ. ಚೆನ್ನಾಗಿ ಹಾರಿಸುತ್ತಿದ್ದವರ ಹೆಸರನ್ನು ನಾನೇ ಪಟ್ಟಿಯಿಂದ ತೆಗೆದು ತಿಂಗಳುಗಟ್ಟಲೆ ಬದಿಗಿಟ್ಟಿದ್ದೇನೆ. ಅಂಥ ಮನೆಗಳಲ್ಲಿ ಇನ್ನೊಂದು ಸಂಬಳ ಇದ್ದವರು ಉಸಿರಾಡಿದರು.

ಹಾಗಾಗಿ ಮನೆ ಸದಾಶಿವಗಡದಲ್ಲೇ ಇರುತ್ತದೆ ಎಂದು ಗಟ್ಟಿ ಮಾಡಿಕೊಳ್ಳಿ. ಇದು ಗಟ್ಟಿಯಾದ ಕೂಡಲೇ ನಿಮ್ಮ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಪ್ರತಿ ರಾತ್ರಿ ಬೆಂಗಳೂರಿಗೆ ವಾಪಸಾಗುವ ಚಿಕ್ಕ ವಿಮಾನ ಸಂಸಾರಸ್ಥರಿಗೆ ಒಳ್ಳೆಯದು ಎಂಬುದು ನಿಜ, ಆ ಸಂಸಾರ ಬೆಂಗಳೂರಿನಲ್ಲಿದ್ದರೆ. ನೀವು ರಾತ್ರಿ ಹತ್ತಕ್ಕೆ ದೇವನಹಳ್ಳಿಯ ಹತ್ತಿರದ ಬಾಡಿಗೆ ಕೋಣೆಗೆ ಬಂದು ಬೀಗ ತೆಗೆಯುವುದರಿಂದ ಕಾರವಾರದಲ್ಲಿರುವ ಮಗಳಿಗೆ ಏನು ಬಂತು? ದೂರದ ಊರಿನಲ್ಲಿ ಮನೆ ಇಟ್ಟುಕೊಂಡು ಓಡಾಡುವ ಪೈಲಟ್‌ಗೆ ಬೇಕಾದದ್ದು ಬೇರೆ. ರಜೆ ಬಿಡಿಬಿಡಿಯಾಗಿ ಬರಬಾರದು, ಗಂಟಾಗಿ ಬರಬೇಕು.

ಲೆಕ್ಕ ಹಾಕಿ ತೋರಿಸುತ್ತೇನೆ. ಡಿಜಿಸಿಎ ಎಂದು ಎಲ್ಲರೂ ಕರೆಯುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ನಿಯಮ ತಿದ್ದಿತು. ಪೈಲಟ್‌ಗೆ ವಾರಕ್ಕೊಮ್ಮೆ ಕೊಡಬೇಕಾದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಗಂಟೆಯಾಯಿತು; 2025ರ ಜುಲೈಯಿಂದ ಜಾರಿಗೂ ಬಂತು. ಇನ್ನುಳಿದ ತಿದ್ದುಪಡಿಗಳು ನವೆಂಬರ್‌ನಲ್ಲಿ ಜಾರಿಯಾದಾಗ ಅದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಸಿದ್ಧ ಮಾಡಿಕೊಳ್ಳದೆ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾದದ್ದನ್ನು ನೀವು ಒಳಗಿನಿಂದಲೇ ನೋಡಿದ್ದೀರಿ. ನಿಯಮ ಒಳ್ಳೆಯದು. ಈಗ ಆ 48 ಗಂಟೆಯನ್ನು ಬೆಂಗಳೂರಿನ ಕೆಲಸಕ್ಕೆ ಹಚ್ಚಿ ನೋಡಿ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಡ್ಯೂಟಿ ಮುಗಿಯಿತು ಎನ್ನೋಣ. ಕಾರವಾರಕ್ಕೆ ಬರುವ ಪಂಚಗಂಗಾ ರೈಲು ಅಷ್ಟರಲ್ಲಿ ಹೋಗಿಯಾಗಿದೆ, ದೇವನಹಳ್ಳಿಯಿಂದ ಮೆಜೆಸ್ಟಿಕ್ ಮುಟ್ಟುವುದರೊಳಗೆ ಒಳ್ಳೆಯ ಬಸ್ಸುಗಳೂ ಹೊರಟಿರುತ್ತವೆ. ಶನಿವಾರ ಬೆಳಗಿನ ವಿಮಾನದಲ್ಲಿ ಗೋವಾ, ಅಲ್ಲಿಂದ ರಸ್ತೆ. ಮನೆಯಲ್ಲಿ ಕಾಲು ತೊಳೆಯುವಾಗ ಮಧ್ಯಾಹ್ನ. 48 ಗಂಟೆ ಭಾನುವಾರ ರಾತ್ರಿ ಒಂಬತ್ತಕ್ಕೆ ಮುಗಿಯುತ್ತದೆ. ಸೋಮವಾರ ಬೆಳಗಿನ ಜಾವ ಐದಕ್ಕೆ ಹಾಜರಾಗಬೇಕು, ಅಂದರೆ ಭಾನುವಾರ ರಾತ್ರಿ ಬೆಂಗಳೂರಿನಲ್ಲೇ ಮಲಗಿರಬೇಕು, ಅಂದರೆ ಭಾನುವಾರ ಮಧ್ಯಾಹ್ನದ ಊಟ ಮಾಡಿ ಕೈ ತೊಳೆದು ಹೊರಡಬೇಕು. ಪುಸ್ತಕದಲ್ಲಿ 48 ಗಂಟೆ, ಮನೆಗೆ ಸಿಕ್ಕಿದ್ದು 24. ಪುಸ್ತಕದಲ್ಲಿ ಎರಡು ರಾತ್ರಿ, ಮಗಳ ಪಕ್ಕದಲ್ಲಿ ಮಲಗಿದ್ದು ಒಂದು. ಆ ಒಂದು ರಾತ್ರಿಯೂ ಶನಿವಾರವೇ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಮಂಗಳವಾರ ಬಂದರೆ ಹೆಂಡತಿ ಶಾಲೆಯಲ್ಲಿ, ಮಗಳೂ ಶಾಲೆಯಲ್ಲಿ, ನೀವು ಅಪ್ಪನ ಜೊತೆ ಟಿವಿ ನೋಡುತ್ತ ಕೂರಬೇಕು. (ಅದೂ ಬೇಡವಾದದ್ದೇನಲ್ಲ.)

ಇಷ್ಟರಲ್ಲಿ ಟಿಕೆಟ್ ಸಿಗುತ್ತದೆ ಎಂದೇ ಹಿಡಿದಿದ್ದೇನೆ. ಸಿಬ್ಬಂದಿಗೆ ಕೊಡುವ ಅಗ್ಗದ ಟಿಕೆಟ್ ಆಸನ ಖಾಲಿ ಉಳಿದರೆ ಮಾತ್ರ ನಡೆಯುತ್ತದೆ. ಗೋವಾ ವಿಮಾನದಲ್ಲಿ ಶುಕ್ರವಾರ, ಭಾನುವಾರ, ಇಡೀ ಡಿಸೆಂಬರ್ ತಿಂಗಳು ಆಸನ ಖಾಲಿ ಉಳಿಯುವುದನ್ನು ನಾನಂತೂ ಕಡಿಮೆ ನೋಡಿದ್ದೇನೆ. ಪೂರ್ತಿ ಹಣ ಕೊಟ್ಟು ಟಿಕೆಟ್ ತೆಗೆಯುವ ಖರ್ಚನ್ನು ಸಂಬಳದಿಂದ ಕಳೆದು ನೋಡಿ.

ಇನ್ನು ಸ್ಟ್ಯಾಂಡ್‌ಬೈ. ಇದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲದ್ದು ನನಗೆ ಆಶ್ಚರ್ಯ. ಹೊಸ ಕಂಪನಿಗೆ ಹೋದವರು ಸೇವಾ ಹಿರಿತನದ ಪಟ್ಟಿಯ ಕೊನೆಯಲ್ಲಿ ನಿಲ್ಲುತ್ತಾರೆ, ಕೊನೆಯಲ್ಲಿ ನಿಂತವರ ತಲೆಗೇ ಸ್ಟ್ಯಾಂಡ್‌ಬೈ ದಿನಗಳು ಹೆಚ್ಚು ಬೀಳುತ್ತವೆ. ಆ ದಿನ ಫೋನ್ ಬಂದರೆ ಗೊತ್ತು ಮಾಡಿದ ಹೊತ್ತಿನೊಳಗೆ ವಿಮಾನ ನಿಲ್ದಾಣದಲ್ಲಿರಬೇಕು. ಫೋನ್ ಬಾರದಿದ್ದರೂ ಊರಿಗೆ ಬರುವ ಹಾಗಿಲ್ಲ.

ಆ ಫೋನ್ ಮಾಡುವವಳು ನಾನಾಗಿದ್ದೆ. ಒಂದು ಮಳೆಗಾಲದ ಬೆಳಗಿನ ಜಾವ ಮುಂಬೈಯಲ್ಲಿ ಸಹ ಪೈಲಟ್ ಒಬ್ಬನಿಗೆ ಜ್ವರ ಬಂದು, ಸ್ಟ್ಯಾಂಡ್‌ಬೈ ಇದ್ದ ಹುಡುಗನಿಗೆ ಕರೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದ. ದನಿಯಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ. "ಹೊರಟೆ ಮೇಡಂ, ಒಂದು ಗಂಟೆಯೊಳಗೆ ಇರುತ್ತೇನೆ" ಎಂದ. ಅವನು ಹಾಗೆನ್ನುತ್ತಿರುವಾಗಲೇ ಹಿಂದಿನಿಂದ ರೈಲು ನಿಲ್ದಾಣದ ಧ್ವನಿವರ್ಧಕ ಶುರುವಾಯಿತು, ಮೊದಲು ಮರಾಠಿ, ಆಮೇಲೆ ಹಿಂದಿ. ಗಾಡಿ ರತ್ನಾಗಿರಿಯಲ್ಲಿ ನಿಂತಿದೆ, ಹೊರಡುವುದು ತಡವಾಗುತ್ತದೆ. ಅವನೂ ಮಾತು ನಿಲ್ಲಿಸಿದ, ನಾನೂ ನಿಲ್ಲಿಸಿದೆ. ಧ್ವನಿವರ್ಧಕ ಇಂಗ್ಲಿಷಿನಲ್ಲೂ ಹೇಳಿ ಮುಗಿಸುವವರೆಗೆ ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಆಮೇಲೆ ಅವನ ಹೆಸರಿನ ಮುಂದೆ "ಲಭ್ಯವಿಲ್ಲ" ಎಂದು ಬರೆದು ಮುಂದಿನ ಹೆಸರಿಗೆ ಹೋದೆ. ಮಗುವಿನ ನಾಮಕರಣಕ್ಕೆ ಊರಿಗೆ ಹೋಗಿದ್ದನಂತೆ, ಹಿಂದಿನ ರಾತ್ರಿಯೇ ಮುಂಬೈ ಸೇರಬೇಕಿದ್ದ ಗಾಡಿಯಂತೆ. ಅದೆಲ್ಲ ಕಾರಣ ಕೇಳಿ ಕಳಿಸಿದ ನೋಟಿಸಿಗೆ ಅವನು ಬರೆದ ಉತ್ತರದಲ್ಲಿತ್ತು.

ನಮ್ಮ ಕಡೆಯ ಮಳೆಗಾಲವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜೂನ್ ನಡುವಿನಿಂದ ಕೊಂಕಣ ರೈಲ್ವೆ ವೇಗ ಇಳಿಸಿ ಬೇರೆ ವೇಳಾಪಟ್ಟಿ ಹಿಡಿಯುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲಾ ಕುಮಟಾ ನಡುವೆ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಅದೇ ತಿಂಗಳ ಕೊನೆಗೆ ಸಕಲೇಶಪುರದ ಘಟ್ಟದಲ್ಲಿ ಹಳಿಯ ಬುಡದ ಮಣ್ಣು ಜಾರಿ ಬೆಂಗಳೂರಿನ ರೈಲು ನಿಂತಿತು. ಆಗಸ್ಟ್ 7ರ ನಡುರಾತ್ರಿ ನಿಮ್ಮ ಮನೆಯ ಹತ್ತಿರದ ಕಾಳಿ ನದಿಯ ಹಳೆಯ ಸೇತುವೆಯೇ ಲಾರಿ ಸಮೇತ ಕುಸಿಯಿತು. ಒಂದೇ ಮಳೆಗಾಲದಲ್ಲಿ ಇಷ್ಟು. ನೀವು ಕಾಳಿಯ ಉತ್ತರ ದಂಡೆಯವರು, ಮಾಜಾಳಿ ದಾಟಿ ಗೋವಾಕ್ಕೆ ಹೋಗಲು ಸೇತುವೆಯ ಹಂಗಿಲ್ಲ. ಆ ಮಟ್ಟಿಗೆ ಅದೃಷ್ಟವಂತರು. ಬೆಂಗಳೂರಿಗೆ ನೆಲದ ಮೇಲೆ ಹೋಗುವುದಾದರೆ ಮಾತ್ರ ಯಾವುದಾದರೂ ಒಂದು ಘಟ್ಟ ಹತ್ತಲೇಬೇಕು. ನಕಾಶೆಯಲ್ಲಿ ಬೆಂಗಳೂರು ದೆಹಲಿಗಿಂತ ಹತ್ತಿರವೇ. ಗೋವಾದಿಂದ ದೆಹಲಿಗೆ ನೇರ ವಿಮಾನ ಎರಡೂವರೆ ಗಂಟೆ, ಬೆಂಗಳೂರಿಗೆ ಒಂದೂಕಾಲು ಗಂಟೆ. ಮಿಕ್ಕ ಟ್ಯಾಕ್ಸಿ, ಕಾಯುವುದು, ತಪಾಸಣೆ ಎಲ್ಲ ಎರಡಕ್ಕೂ ಒಂದೇ. ಹಾಗಾದರೆ ಹತ್ತಿರ ಎಂದು ನೀವು ಹೇಳಿದ್ದು ಒಂದೂಕಾಲು ಗಂಟೆಯ ಮಾತು, ಅಷ್ಟೇ.

ನಿದ್ದೆಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ. ಕಂಪನಿ ಕಳಿಸಿದ ಪ್ರಯಾಣ ಡ್ಯೂಟಿ ಲೆಕ್ಕಕ್ಕೆ ಸೇರುತ್ತದೆ. ಮನೆಯಿಂದ ಬೇಸಿಗೆ ನೀವಾಗಿ ಮಾಡುವ ಪ್ರಯಾಣ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ ಹಾಕುವ ಕಂಪ್ಯೂಟರಿನ ಪರದೆಯಲ್ಲಿ ನೀವು ಹನ್ನೆರಡು ಗಂಟೆ ವಿಶ್ರಾಂತಿ ಪಡೆದ ಹಸಿರು ಗೆರೆ. ನಿಜದಲ್ಲಿ ಕಾಣಕೋಣದ ಕರಮಲ ಘಟ್ಟದ ತಿರುವುಗಳಲ್ಲಿ ಟ್ಯಾಕ್ಸಿಯ ಕಿಟಕಿಗೆ ತಲೆ ಬಡಿದುಕೊಳ್ಳುತ್ತ ಬಂದವರು. 2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೋ ಹತ್ತಿರ ವಿಮಾನವೊಂದು ಬಿದ್ದು ಐವತ್ತು ಜನ ಸತ್ತರು. ಸಹ ಪೈಲಟ್ ಸಿಯಾಟಲ್ ಬಳಿಯ ತನ್ನ ಮನೆಯಿಂದ ಇಡೀ ರಾತ್ರಿ ಸರಕು ವಿಮಾನಗಳಲ್ಲಿ ಕೂತು ದೇಶದ ಇನ್ನೊಂದು ತುದಿಯ ನೆವಾರ್ಕ್‌ಗೆ ಬಂದಿದ್ದಳು. ಕ್ಯಾಪ್ಟನ್‌ನ ಮನೆ ಫ್ಲಾರಿಡಾದಲ್ಲಿ. ನೆವಾರ್ಕ್‌ನಲ್ಲಿ ಅವನಿಗೊಂದು ಕೋಣೆಯೂ ಇರಲಿಲ್ಲ, ಸಿಬ್ಬಂದಿಯ ಕೊಠಡಿಯಲ್ಲೇ ಮಲಗಿದ್ದ. ಅಪಘಾತಕ್ಕೆ ಕ್ಯಾಪ್ಟನ್ ಮಾಡಿದ ತಪ್ಪೇ ಕಾರಣ ಎಂದ ತನಿಖಾ ಮಂಡಳಿ, ದಣಿವು ಇಬ್ಬರನ್ನೂ ಕುಗ್ಗಿಸಿದ್ದಿರಬೇಕು ಎಂದೂ ಬರೆಯಿತು. ಅಷ್ಟು ದೂರ ಯಾಕೆ, 2010ರ ಮೇ 22ರ ಮುಂಜಾನೆ ಬಜ್ಪೆಯಲ್ಲಿ 158 ಜನ ಹೋದರಲ್ಲ, ದುಬೈಯಿಂದ ಬಂದ ಆ ವಿಮಾನದ ಕ್ಯಾಪ್ಟನ್ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನಿದ್ದೆ ಹೋಗಿದ್ದ, ಎದ್ದ ಮೇಲೂ ಮಂಪರು ಪೂರ್ತಿ ಇಳಿದಿರಲಿಕ್ಕಿಲ್ಲ ಎಂದು ವಿಚಾರಣೆ ಹೇಳಿತು. ಆ ಪ್ರಯಾಣಿಕರಲ್ಲಿ ಹೆಚ್ಚಿನವರು ಕರಾವಳಿಯವರು, ನಮ್ಮವರು. ಮನುಷ್ಯನ ದೇಹ ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ತೀರ ಕೆಳಮಟ್ಟದಲ್ಲಿರುತ್ತದೆ. ಯಾವ ಕಾಫಿಯೂ ಅದನ್ನು ಪೂರ್ತಿ ಎಬ್ಬಿಸುವುದಿಲ್ಲ. ಯಾವ ಕೆಲಸವನ್ನೇ ಹಿಡಿಯಿರಿ, ಡ್ಯೂಟಿಯ ಹಿಂದಿನ ದಿನವೇ ಬೇಸ್ ಊರು ಸೇರಿ ರಾತ್ರಿ ಪೂರ್ತಿ ಹಾಸಿಗೆಯಲ್ಲಿ ಮಲಗಬೇಕು. ಇದರಲ್ಲಿ ಚೌಕಾಸಿ ಇಲ್ಲ.

(ಗೋವಾದ ಮೇಲೆ ಓಡಾಡುವವರಿಗೆ ಇನ್ನೊಂದು ಮಾತು. ಡ್ಯೂಟಿಗೆ ಹನ್ನೆರಡು ಗಂಟೆ ಮೊದಲಿನಿಂದ ಒಂದು ಗುಟುಕು ಮದ್ಯವೂ ಕೂಡದು. ಉಸಿರಿನ ಪರೀಕ್ಷೆಯ ಯಂತ್ರಕ್ಕೆ ನಿಮ್ಮ ಗೆಳೆಯನ ಮದುವೆ ಗೊತ್ತಾಗುವುದಿಲ್ಲ.)

ಈಗ ದೆಹಲಿ. ಸ್ಯಾನ್ ಫ್ರಾನ್ಸಿಸ್ಕೋದಂಥ ಊರಿಗೆ ಹದಿನೈದು ಹದಿನಾರು ಗಂಟೆಯ ಹಾರಾಟ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ಮುಚ್ಚಿದ ಮೇಲೆ ಪಶ್ಚಿಮದ ದಾರಿ ಇನ್ನೂ ಸುತ್ತು. ಹೋಗಿ, ಅಲ್ಲಿ ತಂಗಿ, ವಾಪಸ್ ಬಂದರೆ ಸಾಲಾಗಿ ಕೆಲವು ದಿನ ವಿಶ್ರಾಂತಿ. ವರ್ಷಕ್ಕೆ ಒಬ್ಬ ಪೈಲಟ್ ಸಾವಿರ ಗಂಟೆಗಿಂತ ಹೆಚ್ಚು ಹಾರಬಾರದೆಂಬ ಮಿತಿ ಇದೆ. ಉದ್ದದ ಹಾರಾಟದಲ್ಲಿ ಆ ಗಂಟೆಗಳು ಕಡಿಮೆ ಸಲ ಮನೆ ಬಿಟ್ಟು ಮುಗಿಯುತ್ತವೆ. ಎಟಿಆರ್‌ನಲ್ಲಿ ದಿನಕ್ಕೆ ನಾಲ್ಕೈದು ಸಲ ಏರಿ ಇಳಿದು ಚೂರುಚೂರಾಗಿ ಕೂಡಬೇಕು. ದೆಹಲಿಯಲ್ಲಿ ಮುಂಜಾನೆ ಇಳಿದು, ಕೋಣೆಯಲ್ಲಿ ಮಲಗಿ ಎದ್ದು, ಮರುದಿನದ ವಿಮಾನ ಹಿಡಿದು ಬಂದರೂ ಸದಾಶಿವಗಡಕ್ಕೆ ಎರಡು ಮೂರು ರಾತ್ರಿ ಒಟ್ಟಿಗೆ ಸಿಗುತ್ತವೆ. ಮೊದಲ ದಿನ ನಿಮ್ಮ ದೇಹ ಅಮೆರಿಕದಲ್ಲೇ ಇರುತ್ತದೆ, ಊಟದ ತಟ್ಟೆಯ ಮುಂದೆ ತೂಕಡಿಸುತ್ತೀರಿ, ನಡುರಾತ್ರಿ ಎದ್ದು ಅಡುಗೆಮನೆಯಲ್ಲಿ ಡಬ್ಬ ತಡಕುತ್ತೀರಿ. ಅಮ್ಮನಿಗೆ, ಹೆಂಡತಿಗೆ ಇದನ್ನು ಮೊದಲೇ ಹೇಳಿಡಿ. ಬಂದವನು ಮಾತಾಡುವುದೇ ಇಲ್ಲ ಎಂದು ನೊಂದುಕೊಂಡ ಎಷ್ಟೋ ಹೆಂಗಸರು ನನಗೆ ಗೊತ್ತು. ಮತ್ತೆ, ಅಂಥ ಹಾರಾಟ ಮುಗಿಸಿ ಬಂದಾಗ ಗೋವಾದ ಮೋಪಾ ವಿಮಾನ ನಿಲ್ದಾಣದಿಂದ ಮನೆಗೆ ಸ್ವಂತ ಕಾರು ಓಡಿಸಬೇಡಿ. ಮೂರು ಗಂಟೆಯ ದಾರಿ, ಟ್ಯಾಕ್ಸಿಯ ಹಣ ಉಳಿಸುವ ಜಾಗ ಅದಲ್ಲ.

ಹೀಗಾಗಿ ನನ್ನ ಮತ ದೆಹಲಿಗೆ. ನಿಮ್ಮ ಅಪ್ಪ ಹೇಳಿದ್ದು ಸರಿ, ಅವರು ಕೊಟ್ಟ ಕಾರಣ ಮಾತ್ರ ಬೇರೆ. ಎಟಿಆರ್ ಬಗ್ಗೆ ನನಗೆ ಯಾವ ತಾತ್ಸಾರವೂ ಇಲ್ಲ. ನಾಳೆ ನಿಮ್ಮ ಹೆಂಡತಿಯೇ ಮನಸ್ಸು ಮಾಡಿ ಬೆಂಗಳೂರಿಗೆ ಬರುತ್ತೇನೆ ಎಂದರೆ ಇದೇ ಕೈಯಿಂದ ಎಟಿಆರ್ ಎಂದು ಬರೆಯುತ್ತೇನೆ.

ಸಹಿ ಹಾಕುವ ಮೊದಲು ಕೆಲವು ಕೆಲಸ. ಪತ್ರದಲ್ಲಿ "ಬೇಸ್ ದೆಹಲಿ" ಎಂಬುದರ ಕೆಳಗೆ, ಕಂಪನಿಯ ಅಗತ್ಯಕ್ಕೆ ತಕ್ಕಂತೆ ಬದಲಾಯಿಸಬಹುದು ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಮುಂಬೈ ಬೇಸ್ ಕೊಡುವ ಸಾಧ್ಯತೆ ಇದೆಯೇ, ಎಷ್ಟು ದಿನಕ್ಕೆ, ಕೇಳಿ. ಮತ್ಸ್ಯಗಂಧಾ ರೈಲಿನಲ್ಲಿ ಓಡಾಡುವ ದಾರಿ ಉಳಿಯುತ್ತದೆ. ತರಬೇತಿಯ ಬಾಂಡ್ ಎಷ್ಟು ವರ್ಷ, ಮುರಿದರೆ ಎಷ್ಟು ಹಣ, ಬರೆಸಿಕೊಳ್ಳಿ. ಸಹ ಪೈಲಟ್ ಕೆಲಸ ಬಿಡಲು ಆರು ತಿಂಗಳ ನೋಟಿಸ್, ಕ್ಯಾಪ್ಟನ್ ಆದರೆ ಒಂದು ವರ್ಷ, ಇದು 2017ರಿಂದ ಡಿಜಿಸಿಎಯದೇ ನಿಯಮ. ಮನಸ್ಸು ಬದಲಾಯಿತು ಎಂದು ಮರುವಾರವೇ ಬರಲಾಗುವುದಿಲ್ಲ. ಬೇಗ ಕ್ಯಾಪ್ಟನ್ ಮಾಡುತ್ತೇವೆ ಎಂದ ಚಿಕ್ಕ ಕಂಪನಿ ಅದನ್ನು ಬಾಯಲ್ಲಿ ಹೇಳಿದ್ದೋ, ಕಾಗದದಲ್ಲೋ? ನಾನು ನೋಡಿದ ಹಾಗೆ ಅದು ಯಾವಾಗಲೂ ಬಾಯಲ್ಲಿ. ಚೌತಿಗೆ ರಜೆಯ ಆಸೆಯನ್ನು ಮೊದಲ ಕೆಲವು ವರ್ಷ ಬಿಟ್ಟುಬಿಡಿ. ಹಿರಿತನದ ಪಟ್ಟಿಯಲ್ಲಿ ಮೇಲಿರುವ ಪುಣೆಯವರು, ಮುಂಬೈಯವರು ಅದನ್ನು ಬಿಟ್ಟುಕೊಡುವುದಿಲ್ಲ.

ಇದೆಲ್ಲಕ್ಕಿಂತ ಉಪಯೋಗದ್ದು ಒಂದಿದೆ. ಆ ದೆಹಲಿ ಕಂಪನಿಯಲ್ಲಿ ಇತ್ತೀಚೆಗೆ ಸೇರಿದ ಸಹ ಪೈಲಟ್ ಯಾರಾದರೂ ಪರಿಚಯ ಇರುತ್ತಾರೆ, ಅವರ ಮೂರು ತಿಂಗಳ ರೋಸ್ಟರ್ ಕೇಳಿ ತನ್ನಿ. ಅದರಲ್ಲಿ ಮಳೆಗಾಲದ ಒಂದು ತಿಂಗಳೂ ಜನವರಿಯ ಮಂಜಿನ ತಿಂಗಳೂ ಇರಲಿ, ದೆಹಲಿಯ ಮಂಜು ಎಲ್ಲರ ಪಟ್ಟಿಯನ್ನೂ ಕಲಸುತ್ತದೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ನಿಮ್ಮದೇ ಪಟ್ಟಿ ಎಂದುಕೊಂಡು, ಸದಾಶಿವಗಡದಲ್ಲಿ ಮಲಗುವ ರಾತ್ರಿಗಳಿಗೆ ಮಾತ್ರ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ರಜೆ ಎಂದು ಬರೆದ ದಿನಗಳನ್ನು ಎಣಿಸಬೇಡಿ. ಪೆನ್ನು ಅವರ ಕೈಯಲ್ಲಿರಲಿ. ಗಣಿತದವರು, ನಿಮ್ಮ ಹಾಗೆ ಅನುಮಾನದ ರಾತ್ರಿಯನ್ನು ಸೇರಿಸಿಕೊಳ್ಳುವುದಿಲ್ಲ.

ಮತ್ತೆ ಅಪ್ಪ. ಪಾರ್ಶ್ವವಾಯು ಒಮ್ಮೆ ಬಂದವರಿಗೆ ಇನ್ನೊಮ್ಮೆ ಬರುವ ಭಯ ಇದ್ದೇ ಇದೆ. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜನ ಬೀದಿಗಿಳಿದು ಕೇಳುತ್ತಲೇ ಬಂದಿದ್ದಾರೆ. ಗಂಭೀರವಾದರೆ ಗೋವಾದ ಬಾಂಬೋಳಿಯ ಆಸ್ಪತ್ರೆಯೋ ಮಣಿಪಾಲವೋ ಎಂಬ ಪ್ರಶ್ನೆ ನಡುರಾತ್ರಿ ಏಳುತ್ತದೆ, ಆಗ ನೀವು ಸಮುದ್ರದ ಮೇಲೆಲ್ಲೋ ಇರುತ್ತೀರಿ, ಫೋನೂ ಮುಟ್ಟುವುದಿಲ್ಲ. ಆ ರಾತ್ರಿ ಯಾರು ಕಾರು ತೆಗೆಯುತ್ತಾರೆ, ಯಾವ ಆಸ್ಪತ್ರೆ, ಹಣ ಯಾವ ಖಾತೆಯಿಂದ, ಮಗಳನ್ನು ಯಾರ ಮನೆಯಲ್ಲಿ ಬಿಡುವುದು ಎಂದು ಈಗಲೇ ಬರೆದು ಅಮ್ಮನ ಕೈಗೆ ಕೊಡಿ. ಹೆಚ್ಚಿಗೆ ಬರುವ ಸಂಬಳದಲ್ಲಿ ಮೊದಲ ಖರ್ಚು ಅಪ್ಪನಿಗೆ ಹಗಲು ಹೊತ್ತಿನ ಸಹಾಯಕರದ್ದಾಗಲಿ. ಅಮ್ಮ ನೋಡಿಕೊಳ್ಳುತ್ತಾರೆ ಎಂದು ನೀವು ಎರಡೇ ಪದದಲ್ಲಿ ಮುಗಿಸಿದ್ದೀರಿ. ಅಮ್ಮನ ವಯಸ್ಸು ಬರೆದಿಲ್ಲ.

ಪ್ರಶ್ನೆ: ಮಗಳಿಗೆ ಬೆಂಗಳೂರಿನಲ್ಲಿರುವ ಪೈಲಟ್ ಹುಡುಗನ ಸಂಬಂಧ ಬಂದಿದೆ. ಜಾತಕ ಕೂಡಿದೆ. ಮಗಳದ್ದು ಮನೆಯಿಂದಲೇ ಮಾಡುವ ಸಾಫ್ಟ್‌ವೇರ್ ಕೆಲಸ, ತಿಂಗಳಲ್ಲಿ ಅರ್ಧ ನಮ್ಮ ತೋಟದ ಮನೆಯಲ್ಲೇ ಇರುತ್ತಾಳೆ. ಪೈಲಟ್ ಎಂದರೆ ಮನೆಯಲ್ಲಿ ಇರುವುದೇ ಇಲ್ಲ ಎಂದು ನೆಂಟರು ಹೆದರಿಸುತ್ತಿದ್ದಾರೆ.
— ಶಿರಸಿ ಸಮೀಪದ ತಾಯಿ

ಉತ್ತರ: ನೆಂಟರು ಹೇಳುವುದು ಅರ್ಧ ನಿಜ. ಹುಡುಗ ಇರುತ್ತಾನೆ, ಲೋಕಕ್ಕೆಲ್ಲ ಕೆಲಸ ಇರುವ ಬುಧವಾರ ಇರುತ್ತಾನೆ. ದೀಪಾವಳಿಗೆ, ಮದುವೆ ಮುಂಜಿಗೆ ಇರುತ್ತಾನೆಂದು ಹೇಳಲಾಗದು. ಎಲ್ಲಿ ಬೇಕಾದರೂ ಕೂತು ಮಾಡುವ ಕೆಲಸ ನಿಮ್ಮ ಮಗಳದ್ದಾದ್ದರಿಂದ ಇದು ಬೇರೆಯವರಿಗಿಂತ ಅವಳಿಗೆ ಸುಲಭ. ಅವನು ನಾಲ್ಕು ದಿನ ಹೊರಗಿದ್ದರೆ ಅವಳು ತೋಟದ ಮನೆಗೆ ಬರಬಹುದು. ನೀವು ಕೇಳಬೇಕಾದದ್ದು ಸಾಲದ ಬಗ್ಗೆ. ಲೈಸೆನ್ಸ್ ಮತ್ತು ವಿಮಾನದ ತರಬೇತಿ ಸೇರಿದರೆ ಮುಕ್ಕಾಲು ಕೋಟಿ, ಕೋಟಿಯವರೆಗೂ ಖರ್ಚಾಗುತ್ತದೆ; ಎಷ್ಟು ತೀರಿದೆ, ಯಾರ ಆಸ್ತಿ ಅಡವಿದೆ ಎಂದು ಹಿರಿಯರು ಕೂತು ಮಾತಾಡುವಾಗ ಸಂಕೋಚ ಬೇಡ. ಮಿಕ್ಕದ್ದನ್ನು ಮಗಳೇ ಹುಡುಗನ ಹತ್ತಿರ ಕೇಳಲಿ. ಈ ತಿಂಗಳ ರೋಸ್ಟರ್ ತೋರಿಸು ಎನ್ನಲಿ. ತೋರಿಸಲು ಹಿಂದೆ ಮುಂದೆ ನೋಡುವ ಹುಡುಗನಾದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ನಾನು ಅಂಕೋಲಾದ ಪಿಯುಸಿ ವಿದ್ಯಾರ್ಥಿ. ಅಲಗೇರಿ ಕಡೆ ವಿಮಾನ ನಿಲ್ದಾಣ ಆಗುತ್ತದಲ್ಲ, ಅದಾದ ಮೇಲೆ ಪೈಲಟ್ ಆಗಿ ಮನೆಯಿಂದಲೇ ಕೆಲಸಕ್ಕೆ ಹೋಗಬಹುದೇ? ಅಪ್ಪ ಗದ್ದೆ ಮಾರಿಯಾದರೂ ಓದಿಸುತ್ತೇನೆ ಎನ್ನುತ್ತಾರೆ.
— ಅಂಕೋಲಾದ ಓದುಗ

ಉತ್ತರ: ಆಗುವುದಿಲ್ಲ ತಮ್ಮಾ. ಅದು ನೌಕಾಪಡೆಯ ನಿಲ್ದಾಣ, ಅದರ ಒಂದು ಬದಿಯಲ್ಲಿ ನಾಗರಿಕ ವಿಮಾನಗಳಿಗೂ ಜಾಗ ಕೊಡುವ ಯೋಜನೆ. ವಿಮಾನ ಬಂದು ಹೋಗುವ ಊರೇ ಬೇರೆ, ಪೈಲಟ್‌ಗಳ ಬೇಸ್ ಇರುವ ಊರೇ ಬೇರೆ. ಬೇಸ್ ಇರುವುದು ಹತ್ತಾರು ವಿಮಾನ ರಾತ್ರಿ ನಿಲ್ಲುವ ದೊಡ್ಡ ಊರುಗಳಲ್ಲಿ. ಮೇಲಿನ ಸದಾಶಿವಗಡದವರ ಪತ್ರ ಓದಿದರೆ ನಿನ್ನ ಮುಂದಿನ ಬದುಕು ಸುಮಾರು ಅಂದಾಜಾಗುತ್ತದೆ. ಅದನ್ನು ಓದಿದ ಮೇಲೂ ಆಸೆ ಉಳಿದಿದ್ದರೆ ಭೌತಶಾಸ್ತ್ರ, ಗಣಿತ ಬಿಡಬೇಡ. ಕಮರ್ಷಿಯಲ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಾಟ ಬೇಕು, ಹಣವೆಲ್ಲ ಕರಗುವುದು ಅಲ್ಲಿ. ಯಾವ ತರಬೇತಿ ಶಾಲೆಗೂ ಒಂದು ರೂಪಾಯಿ ಕಟ್ಟುವ ಮೊದಲು ಡಿಜಿಸಿಎ ಒಪ್ಪಿದ ವೈದ್ಯರ ಬಳಿ ಎರಡನೇ ದರ್ಜೆಯ ಪರೀಕ್ಷೆ, ಆಮೇಲೆ ಒಂದನೇ ದರ್ಜೆಯದು, ಎರಡನ್ನೂ ಮಾಡಿಸಿಕೋ. ಬಣ್ಣ ಗುರುತಿಸುವ ದೃಷ್ಟಿಯಲ್ಲಿ ದೋಷ ಇರುವುದು ಎಷ್ಟೋ ಹುಡುಗರಿಗೆ ಅಲ್ಲೇ ಮೊದಲು ತಿಳಿಯುವುದು. ಗದ್ದೆಯ ಮಾತನ್ನು ಅಪ್ಪ ಆ ಎರಡನೆಯ ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆ ಎತ್ತಲಿ.